ಬಡಿತ ಕಾಣಲಿಲ್ಲ ಅಂತ ಬರೆದೆಯಲ್ಲ, ಅದಕ್ಕೆ

ಹಾಸನ

ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ಏಳು ವರ್ಷದ ಮಾತು ನಮ್ಮಿಬ್ಬರಿಗೂ ಗೊತ್ತಿರುವುದೇ, ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಕಾಗದದ ಕೊನೆಯಲ್ಲಿ, ಅಂಚಿನಲ್ಲಿ ಜಾಗ ಸಾಲದೆ ಅಡ್ಡಡ್ಡ ಬರೆದಿದ್ದೀಯ: ‘ಹಾರ್ಟ್‌ಬೀಟ್ ಬಂದಿಲ್ಲವಂತೆ ದೊಡ್ಡಮ್ಮ, ಬಂದು ನಿಂತುಹೋಯಿತಾ?’ ಆ ಒಂದು ಸಾಲು ಓದಿದ ಮೇಲೆ ಉಳಿದದ್ದು ಯಾವುದೂ ನನ್ನ ತಲೆಗೆ ಹೋಗಲಿಲ್ಲ. ಅಳಿಯಂದಿರು ಸ್ಕ್ಯಾನ್ ರಿಪೋರ್ಟಿನ ಫೋಟೋ ಕಳಿಸಿದ್ದರಿಂದ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ನೋಡಿದೆ.

ಬಂದು ನಿಂತದ್ದಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ. ನಿಂತುಹೋಗಿದ್ದರೆ ಚೀಲದೊಳಗೆ ಅಳತೆಗೆ ಸಿಗುವಂಥ ಒಂದು ಭ್ರೂಣ ಇರುತ್ತಿತ್ತು, ಅದರಲ್ಲಿ ಮಿಡಿತ ಇರುತ್ತಿರಲಿಲ್ಲ. ನಿನ್ನ ರಿಪೋರ್ಟಿನಲ್ಲಿ ಇರುವುದು ಬೇರೆ. ಗರ್ಭಕೋಶದ ಒಳಗೆ, ಇರಬೇಕಾದ ಜಾಗದಲ್ಲೇ, ಒಂದು ಚೀಲ. ಅದರ ಮೂರು ಅಳತೆಯ ಸರಾಸರಿ 8 ಮಿ.ಮೀ. ಒಳಗೆ ಉಂಗುರದ ಹಾಗೆ ಯೋಕ್ ಸ್ಯಾಕ್, ಅಂದರೆ ಭ್ರೂಣಕ್ಕೆ ಮೊದಮೊದಲು ಪೋಷಣೆ ಕೊಡುವ ಪುಟ್ಟ ಸಂಚಿ, 3 ಮಿ.ಮೀ. ‘ಫೀಟಲ್ ಪೋಲ್ ಕಂಡಿಲ್ಲ.’ ಅಂದರೆ ಬಡಿತ ಹುಡುಕುವುದಕ್ಕೆ ಭ್ರೂಣವೇ ಇನ್ನೂ ಕಣ್ಣಿಗೆ ಬಿದ್ದಿಲ್ಲ. ‘ಬಡಿತ ಇಲ್ಲ’ ಅನ್ನುವ ಮಾತು ಆ ರಿಪೋರ್ಟಿನಲ್ಲಿ ಎಲ್ಲೂ ಇಲ್ಲ ಕಣೇ, ಅದನ್ನು ಸೇರಿಸಿದವಳು ನೀನು, ಇಲ್ಲವೇ ಹೊರಗೆ ಬೆಂಚಿನಲ್ಲಿ ಕೂತ ಯಾರೋ.

ಚೀಲ ಕಾಣುವುದು ಐದನೇ ವಾರದ ಆಸುಪಾಸಿಗೆ. ಅದಾದ ಮೇಲೆ ಐದೂವರೆಗೆ ಯೋಕ್ ಸ್ಯಾಕ್, ಆರಕ್ಕೆ ಅದರ ಪಕ್ಕದಲ್ಲಿ ಒಂದು ಸಣ್ಣ ಗೆರೆ, ಅದರಲ್ಲಿ ಮಿಣಮಿಣ. ಒಳಗಿನಿಂದ ನೋಡುವ ಸ್ಕ್ಯಾನಿನ ಲೆಕ್ಕ ಇದು. ಹೊಟ್ಟೆಯ ಮೇಲಿಂದ ನೋಡಿದರೆ ಒಂದು ವಾರ ತಡವಾಗಿ ಕಾಣುತ್ತದೆ, ಗರ್ಭಕೋಶ ಹಿಂದಕ್ಕೆ ಬಾಗಿದ್ದರೆ ಇನ್ನೂ ಕಷ್ಟ.

ಹಾಗಾದರೆ ರಿಪೋರ್ಟಿನ ತಲೆಯಲ್ಲಿ 6 ವಾರ 4 ದಿನ ಅಂತ ಯಾಕಿದೆ ಅನ್ನುತ್ತೀಯ. ಅದು ಮಿಷನ್ ನೋಡಿ ಹೇಳಿದ್ದಲ್ಲ, ಕೊನೇ ಮುಟ್ಟಿನ ತಾರೀಕನ್ನು ನೀನು ಕೊಟ್ಟೆ, ಅದು ಕೂಡಿ ಹೇಳಿತು: 46 ದಿನ. ಆ ಲೆಕ್ಕ 28 ದಿನಕ್ಕೊಮ್ಮೆ ಮುಟ್ಟಾಗುವವರದು. ನಿನಗೆ ಹೈಸ್ಕೂಲಿನಿಂದಲೂ 36, 37 ದಿನ. ಮೊಟ್ಟೆ ಬಿಡುಗಡೆ ಆಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ. ಅಂದರೆ ಬೇರೆಯವರಿಗೆ 14ನೇ ದಿನ, ನಿನಗೆ 22ನೇ ದಿನ. ಎಂಟು ದಿನ ಅಲ್ಲೇ ಹಿಂದೆ ಬಿತ್ತು. ಈಗ ಇನ್ನೊಂದು ಕಡೆಯಿಂದ ನೋಡು. ಈ ಹಂತದಲ್ಲಿ ಚೀಲದ ಸರಾಸರಿ ಮಿಲಿಮೀಟರಿಗೆ 30 ಸೇರಿಸಿದರೆ ಬಸಿರಿನ ದಿನ ಸಿಗುತ್ತದೆ ಅಂತ ಸ್ಕ್ಯಾನ್ ಮಾಡುವವರು ಲೆಕ್ಕ ಇಟ್ಟುಕೊಂಡಿರುತ್ತಾರೆ. 8ಕ್ಕೆ 30 ಸೇರಿಸಿದರೆ 38, ಐದು ವಾರ ಮೂರು ದಿನ. 46ರಲ್ಲಿ 38 ಕಳೆದರೆ ಎಂಟೇ. ಎರಡು ದಾರಿಯಲ್ಲಿ ಹೋದರೂ ಒಂದೇ ಮನೆ ಸಿಕ್ಕಿತು. ಒಂದೆರಡು ದಿನ ಆಚೀಚೆ ಇರಬಹುದು, ಆದರೆ ನಿನ್ನ ಸಮಾಧಾನಕ್ಕೆ ಕಟ್ಟಿದ ಲೆಕ್ಕವಲ್ಲ ಇದು.

ಆದರೂ ಪೂರ್ತಿ ಧೈರ್ಯ ಕೊಡಲಾರೆ, ಸುಳ್ಳು ಹೇಳಿ ಅಭ್ಯಾಸವಿಲ್ಲ. ಚೀಲ ಬೆಳೆದು ಒಳಗೆ ಭ್ರೂಣ ಬೆಳೆಯದೇ ಹೋಗುವುದೂ ಉಂಟು. ಅದು ಹೌದೋ ಅಲ್ಲವೋ ಅಂತ ಇವತ್ತು ಯಾವ ಮಿಷನ್ನೂ ಹೇಳಲಾರದು. ಅದಕ್ಕೇ ಡಾಕ್ಟರು 12 ದಿನ ಬಿಟ್ಟು ಮತ್ತೆ ಸ್ಕ್ಯಾನಿಗೆ ಬಾ ಅಂದಿದ್ದು. ಅದು ಬಾಯಿಗೆ ಬಂದ ಸಂಖ್ಯೆಯಲ್ಲ. ಚೀಲವೂ ಯೋಕ್ ಸ್ಯಾಕೂ ಕಂಡ ದಿನದಿಂದ 11 ದಿನವೋ ಅದಕ್ಕಿಂತ ಹೆಚ್ಚೋ ಕಳೆದ ಮೇಲೂ ಮಿಡಿಯುವ ಭ್ರೂಣ ಕಾಣದಿದ್ದರೆ ಮಾತ್ರ ‘ಇದು ಮುಂದುವರಿಯಲಿಲ್ಲ’ ಅಂತ ತೀರ್ಮಾನಿಸಬೇಕು. ಯೋಕ್ ಸ್ಯಾಕೂ ಇಲ್ಲದೆ ಬರೀ ಚೀಲ ಕಂಡಿದ್ದರೆ 14 ದಿನ. ಒಂದೇ ಸ್ಕ್ಯಾನಿನಲ್ಲಿ ತೀರ್ಮಾನ ಹೇಳಬೇಕಾದರೆ ಭ್ರೂಣ 7 ಮಿ.ಮೀ. ಮುಟ್ಟಿಯೂ ಬಡಿತ ಇರಬಾರದು, ಇಲ್ಲವೇ ಚೀಲ 25 ಮಿ.ಮೀ. ಆಗಿಯೂ ಭ್ರೂಣ ಇರಬಾರದು. ನಿನ್ನದು 8. ಇಪ್ಪತ್ತೈದೆಲ್ಲಿ, ಎಂಟೆಲ್ಲಿ.

ಈ ಅಳತೆಗಳು ಮೊದಲು ಹೀಗಿರಲಿಲ್ಲ. 5 ಮಿ.ಮೀ., 16 ಮಿ.ಮೀ. ಅಂತಿತ್ತು. ಅಷ್ಟು ಬಿಗಿ ಇಟ್ಟರೆ ಚೆನ್ನಾಗಿರುವ ಬಸಿರನ್ನೂ ಅಪರೂಪಕ್ಕೆ ಕೈಯಾರೆ ತೆಗೆದ ಹಾಗಾಗುತ್ತದೆ ಅಂತ ಅಮೆರಿಕದ ತಜ್ಞರು 2012ರಲ್ಲಿ ಸೇರಿ ಸಡಿಲ ಮಾಡಿದರು, 2013ರಲ್ಲಿ ಅದು ಅಚ್ಚಾಯಿತು. ಅದಕ್ಕೂ ಮುಂಚಿನ ವರ್ಷಗಳಲ್ಲಿ ಟ್ರೇ ಜೋಡಿಸಿ ಕೊಟ್ಟ ಕೈಗಳಲ್ಲಿ ನನ್ನವೂ ಸೇರಿವೆ. ‘ಬಡಿತ ಇಲ್ಲ, ಕ್ಲೀನ್ ಮಾಡಿಸಿಕೊಳ್ಳಿ’ ಅಂತ ಬರೆದ ಚೀಟಿಯಲ್ಲಿ ಅಳತೆ ಎಷ್ಟಿದೆ ಅಂತ ನಾನು ಯಾವತ್ತೂ ತಿರುಗಿ ನೋಡಲಿಲ್ಲ. ಇದನ್ನು ಇಷ್ಟಕ್ಕೇ ಬಿಡುತ್ತೇನೆ. ನಿನಗೆ ಯಾಕೆ ಹೇಳಿದೆ ಅಂದರೆ, ಈಗಿನ ರಿಪೋರ್ಟಿನ ಮೇಲೆ ಯಾರಾದರೂ ಬಸಿರು ತೆಗೆಯುವ ಮಾತ್ರೆ ಅಂದರೆ, ಡಿ ಅಂಡ್ ಸಿ ಅಂತ ಗರ್ಭಕೋಶ ಕ್ಲೀನ್ ಮಾಡಿಸು ಅಂದರೆ, ಒಪ್ಪಬೇಡ. ‘ಅಳತೆ ಎಷ್ಟಿದೆ, ಎಷ್ಟು ದಿನ ಬಿಟ್ಟು ಮತ್ತೆ ನೋಡಿದಿರಿ’ ಅಂತ ಕೇಳು. ಜೋರು ರಕ್ತಸ್ರಾವ ಆದರೆ ಆ ಮಾತು ಬೇರೆ.

ಹಾಗಂತ ನಾಲ್ಕನೇ ದಿನಕ್ಕೇ ಇನ್ನೊಂದು ಸೆಂಟರಿಗೆ ಓಡಬೇಡ. ಚೀಲ ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯುತ್ತದೆ. ನಾಲ್ಕು ದಿನಕ್ಕೆ 12 ಆಗಿರುತ್ತದೆ, ಆಗಲೂ ಭ್ರೂಣ ಕಾಣದೆ ಹೋಗಬಹುದು, ಇನ್ನೊಂದು ‘ಕಂಡಿಲ್ಲ’ ಹಿಡಿದುಕೊಂಡು ಬರುತ್ತೀಯ. ರಕ್ತದಲ್ಲಿ ಬಸಿರಿನ ಹಾರ್ಮೋನ್ ಅಳೆಯುವ ಬೀಟಾ ಎಚ್‌ಸಿಜಿ ಪರೀಕ್ಷೆ ದಿನ ಬಿಟ್ಟು ದಿನ ಮಾಡಿಸಲೇ ಅಂತ ಕೇಳಿದ್ದೀಯ. ಏನೂ ಕಾಣದಿದ್ದಾಗ ಅದು ಬೇಕು. ಗರ್ಭಕೋಶದಲ್ಲಿ ಯೋಕ್ ಸ್ಯಾಕೇ ಕಂಡ ಮೇಲೆ ಅದರಿಂದ ತಿಳಿಯುವುದು ಕಡಿಮೆ. ಎರಡು ದಿನಕ್ಕೆ ಇಮ್ಮಡಿ ಆಗಬೇಕು ಅನ್ನುವುದು ಮೊದಮೊದಲ ದಿನಗಳ ಮಾತು, ಆಮೇಲೆ ಏರುವ ವೇಗ ತಾನಾಗಿಯೇ ಇಳಿಯುತ್ತದೆ. ಅದನ್ನು ಕಂಡು ನೀನು ಮತ್ತೆ ‘ನಿಂತುಹೋಯಿತಾ’ ಅಂತ ಶುರು ಮಾಡುತ್ತೀಯ.

ಒಳಗಿನಿಂದ ಸ್ಕ್ಯಾನ್ ಮಾಡಿದ್ದಕ್ಕೇ ಹೀಗಾಯಿತು ಅಂತ ನಿಮ್ಮತ್ತೆ ಅಂದರಂತೆ. ಅವರ ಭಯ ಅವರಿಗೆ, ಜಗಳ ಬೇಡ. ಆದರೆ ನಿನಗೆ ತಿಳಿದಿರಲಿ: ಆ ಕಡ್ಡಿ ಯೋನಿಯಲ್ಲೇ ನಿಲ್ಲುತ್ತದೆ, ಗರ್ಭಕೋಶದ ಬಾಯಿ ದಾಟುವುದಿಲ್ಲ. ಹೊಸ ಕಾಂಡೋಮ್ ಹಾಕಿ, ಜೆಲ್ ಹಚ್ಚಿಯೇ ನೋಡುವುದು. ಸ್ಕ್ಯಾನ್ ಆದ ದಿನ ಒಂದೆರಡು ಕಂದು ಕಲೆ ಕಂಡರೆ ಅದು ಗರ್ಭಕೋಶದ ಬಾಯಿಯ ಮೇಲ್ಪದರದ್ದು. ನೋವಾದರೆ ಬಾಯಿ ಬಿಟ್ಟು ಹೇಳು, ಹೆಣ್ಣು ಸಿಬ್ಬಂದಿ ಒಬ್ಬರು ಪಕ್ಕದಲ್ಲಿ ಇರಲಿ ಅಂತ ಕೇಳುವುದಕ್ಕೆ ಸಂಕೋಚ ಬೇಡ. ಹೋಗುವ ಮುಂಚೆ ಫೋನ್ ಮಾಡಿ ಯಾವ ಸ್ಕ್ಯಾನ್ ಅಂತ ಕೇಳಿಕೋ. ಹೊಟ್ಟೆ ಮೇಲಿನದಾದರೆ ಒಂದು ಗಂಟೆ ಮುಂಚೆ ನಾಲ್ಕೈದು ಲೋಟ ನೀರು ಕುಡಿದು ಮೂತ್ರ ಕಟ್ಟಿಕೊಂಡಿರಬೇಕು, ಒಳಗಿನದಾದರೆ ಖಾಲಿ ಮಾಡಿಕೊಂಡೇ ಮಲಗಬೇಕು. ಇದು ಅದಲುಬದಲಾಗಿ ಬಾತ್‌ರೂಮಿನ ಮುಂದೆ ಅಳುವವರು ದಿನಾ ಇರುತ್ತಾರೆ. ಆಧಾರ್ ಕಾರ್ಡ್ ಬೇಕು, ಫಾರಂ ಎಫ್‌ಗೆ ಸಹಿ ಮಾಡಿಸುತ್ತಾರೆ, ಗಂಡೋ ಹೆಣ್ಣೋ ಅಂತ ಪತ್ತೆ ಮಾಡುವುದನ್ನು ತಡೆಯುವ 1994ರ ಕಾಯಿದೆಯದು, ಗಾಬರಿಯಾಗುವಂಥದ್ದೇನೂ ಅಲ್ಲ.

ಇನ್ನೊಂದು. ಮುಂದಿನ ಸಲ ಬಡಿತದ ಸದ್ದು ಕೇಳಿಸಿ ಅಂತ ಹಟ ಮಾಡಬೇಡ. ಸದ್ದು ಕೇಳಿಸುವ ಡಾಪ್ಲರಿನ ಶಕ್ತಿ ಹೆಚ್ಚು, ಇಷ್ಟು ಎಳೇ ಭ್ರೂಣದ ಮೇಲೆ ಅದನ್ನು ಹಾಕದಿರುವುದೇ ಸರಿ. ಎಂ-ಮೋಡ್ ಅಂತ ಒಂದು ಗೆರೆ ಎಳೆದು ಅಲೆಯ ಚಿತ್ರದಲ್ಲಿ ಎಣಿಸುತ್ತಾರೆ. ಸದ್ದು ಕೇಳಿಸಲಿಲ್ಲ ಅಂತ ಅಲ್ಲೂ ಹೆದರಿಕೊಂಡು ಬರುವವಳು ನೀನು, ಅದಕ್ಕೇ ಬರೆದೆ. ಎಲ್ಲ ಸರಿಯಿದ್ದರೆ 12 ದಿನಕ್ಕೆ ನಿನಗೆ ಏಳು ವಾರದ ಮೇಲೆ ಒಂದು ದಿನ ಆಗಿರಬೇಕು. ಸಿಆರ್‌ಎಲ್ ಅಂತ ಬರೆದ ಕಡೆ ನೋಡು, ತಲೆಯಿಂದ ಕುಂಡೆಯವರೆಗಿನ ಉದ್ದ ಅದು, 10 ಮಿ.ಮೀ. ಆಸುಪಾಸು. ಬಡಿತ ನಿಮಿಷಕ್ಕೆ 120ರ ಮೇಲೆ. ಅಂದಿನಿಂದ ಹೆರಿಗೆ ತಾರೀಕನ್ನು ಈ ಸಿಆರ್‌ಎಲ್ ಮೇಲೆ ಹಾಕಿಸಿಕೋ, ಮುಟ್ಟಿನ ತಾರೀಕಿನ ಮೇಲೆ ಬೇಡ. ಇಲ್ಲದಿದ್ದರೆ ಕೊನೇ ತಿಂಗಳಲ್ಲಿ ‘ದಿನ ದಾಟಿತು’ ಅಂತ ಎಂಟು ದಿನ ಮುಂಚೆಯೇ ನೋವು ಬರಿಸಲು ಹೊರಡುತ್ತಾರೆ.

ನಿಮ್ಮಜ್ಜಿಯ ಕಾಲದಲ್ಲಿ ಐದನೇ ತಿಂಗಳು ಮಿಸುಕಾಡಿದ ಮೇಲೇ ಬಸಿರು ಗಟ್ಟಿ. ದಾಯಿ ಮರದ ಕೊಳವೆ ಇಟ್ಟು ಕೇಳಿದರೂ ಬಡಿತ ಸಿಗುತ್ತಿದ್ದುದು ಹದಿನೆಂಟಿಪ್ಪತ್ತು ವಾರಕ್ಕೆ. ಆ ಕಾಲವೇ ವಾಸಿ ಅನ್ನುವವರಿದ್ದಾರೆ, ನಾನು ಅನ್ನಲಾರೆ. ಟ್ಯೂಬಿನಲ್ಲಿ ಬಸಿರು ನಿಂತು, ಅದು ಒಡೆದು, ಎತ್ತಿನ ಗಾಡಿಯಲ್ಲೇ ಜೀವ ಬಿಟ್ಟವರ ಲೆಕ್ಕ ಯಾರೂ ಇಡಲಿಲ್ಲ. ನಿನ್ನ ಚೀಲ ಗರ್ಭಕೋಶದಲ್ಲಿದೆ ಅಂತ ಐದೇ ವಾರಕ್ಕೆ ಗೊತ್ತಾಯಿತಲ್ಲ, ಆ ರಿಪೋರ್ಟಿನ ದೊಡ್ಡ ಸುದ್ದಿ ಅದು, ಅದನ್ನು ನೀನು ಒಂದು ಸಾಲೂ ಬರೆದಿಲ್ಲ.

ಔಷಧಿಯ ವಿಷಯ ಕೇಳಿಲ್ಲ, ಆದರೂ. ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ ದಿನಾ ಒಂದು, ಡಾಕ್ಟರು ಬೇರೆ ಅಳತೆ ಬರೆದಿದ್ದರೆ ಅವರದ್ದೇ. ಕಬ್ಬಿಣದ ಮಾತ್ರೆಗೆ ಈಗ ಅವಸರವಿಲ್ಲ, 14ನೇ ವಾರದಿಂದ ಸಾಕು, ಈಗ ನುಂಗಿದರೆ ವಾಂತಿ ಹೆಚ್ಚು. ಪ್ರೊಜೆಸ್ಟರಾನ್ ಕೊಟ್ಟಿದ್ದರೆ ನೀನಾಗಿ ನಿಲ್ಲಿಸಬೇಡ, ಅದರಿಂದಲೇ ಬಡಿತ ಬರುತ್ತದೆ ಅಂತಲೂ ತಿಳಿಯಬೇಡ. ಮೈಕೈ ನೋವಿಗೆ ಬ್ರೂಫೆನ್ ಬೇಡ, ಪ್ಯಾರಸಿಟಮಾಲ್ ಆಗುತ್ತದೆ. ಥೈರಾಯ್ಡ್, ಸಕ್ಕರೆ, ಹಿಮೋಗ್ಲೋಬಿನ್, ರಕ್ತದ ಗುಂಪು ಇವನ್ನು ಈ 12 ದಿನದಲ್ಲೇ ಮಾಡಿಸಿಕೋ, ಕೈಗೊಂದು ಕೆಲಸವಾದರೂ ಆಗುತ್ತದೆ. ಗುಂಪು ನೆಗೆಟಿವ್ ಬಂದರೆ, ಸ್ವಲ್ಪ ರಕ್ತ ಕಂಡರೂ ಆಸ್ಪತ್ರೆಯಲ್ಲಿ ಅದನ್ನು ಮೊದಲು ಹೇಳು. ತಾಯಿ ಕಾರ್ಡ್ 12 ವಾರದೊಳಗೆ ಆಗಬೇಕು, ಆಶಾ ಕಾರ್ಯಕರ್ತೆಗೆ ಹೇಳಿಡು. ಬಡಿತ ಕಾಣಲಿ ಆಮೇಲೆ ನೋಡೋಣ ಅಂತ ಕಾಯುವುದಾದರೆ ಕಾಯಿ, ಅದೂ ತಪ್ಪಲ್ಲ.

ಮಂಚ ಹಿಡಿದು ಮಲಗಬೇಡ. ಮಲಗಿದರೆ ಬಸಿರು ನಿಲ್ಲುತ್ತದೆ ಅಂತ ನಾವೇ ವಾರ್ಡಿನಲ್ಲಿ ಮಂಚದ ಕಾಲ ಕೆಳಗೆ ಇಟ್ಟಿಗೆ ಇಟ್ಟು ಮಲಗಿಸುತ್ತಿದ್ದೆವು, ಉಪಯೋಗವಾಗಲಿಲ್ಲ. ಆಫೀಸಿಗೆ ಹೋಗು, ಅಡಿಗೆ ಮಾಡು. ಪರಂಗಿ ಬೇಡ ಅಂತ ನಿಮ್ಮಮ್ಮ ಅಂದರೆ ಬಿಟ್ಟುಬಿಡು, ಒಂದು ಹಣ್ಣಿಗೆ ಯಾಕೆ ಮಾತು. ಆದರೆ ಮುಂದೆ ಏನಾದರೂ ಹೆಚ್ಚುಕಡಿಮೆಯಾದರೆ ಆ ದಿನ ತಿಂದ ಹೋಳು, ಹತ್ತಿದ ಮೆಟ್ಟಿಲು, ಕೂತ ಸ್ಕೂಟರು ಅಂತ ಹುಡುಕಿಕೊಂಡು ಹೋಗಬೇಡ. ಇಷ್ಟು ಮುಂಚೆ ಹೋಗುವ ಬಸಿರಿನಲ್ಲಿ ಅರ್ಧದಷ್ಟು ಹೋಗುವುದು ಕ್ರೋಮೋಸೋಮಿನ ಎಣಿಕೆ ತಪ್ಪಿ. ಅದು ಮೊದಲ ದಿನವೇ ತೀರ್ಮಾನವಾಗಿರುತ್ತದೆ.

ಒಂದು ಪಕ್ಕದಲ್ಲಿ ಬಿಡದೆ ನೋವು, ಹೆಗಲ ತುದಿಯಲ್ಲಿ ನೋವು, ಕಣ್ಣು ಕತ್ತಲೆ, ಜ್ವರ, ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತ, ಇವುಗಳಲ್ಲಿ ಯಾವುದಾದರೂ ಬಂದರೆ 12 ದಿನ ಎಣಿಸುತ್ತ ಕೂರಬೇಡ, ರಾತ್ರಿಯಾದರೂ ಹೋಗು. ಬರೀ ಕಲೆಯಾದರೆ ಫೋನ್ ಮಾಡಿ ಕೇಳು, ಕಲೆ ಕಂಡ ಎಷ್ಟೋ ಜನರ ಬಸಿರು ಮುಂದುವರಿಯುತ್ತದೆ.

ನಾನು ಇಷ್ಟೆಲ್ಲ ಬರೆದದ್ದು ಒಂದು ಎಂಟು ದಿನದ ಲೆಕ್ಕವನ್ನು ನಂಬಿ. ಆ ಲೆಕ್ಕ ಸರಿಯೋ ಅಂತ ನೋಡುವುದಕ್ಕೆ ಒಂದು ವಿಷಯ ಬೇಕು, ಅದನ್ನು ನೀನು ಬರೆದಿಲ್ಲ. ಮನೆಯಲ್ಲಿ ಬಸಿರಿನ ಪರೀಕ್ಷೆಯ ಪಟ್ಟಿ ಹಾಕಿ ಮೊದಲು ಎರಡು ಗೆರೆ ಕಂಡದ್ದು ಮುಟ್ಟಿನಿಂದ ಎಷ್ಟನೇ ದಿನ? 36ರ ಹತ್ತಿರ, ಎರಡನೇ ಗೆರೆ ತೆಳ್ಳಗೆ ಕಂಡಿದ್ದರೆ ನಾನು ಹೇಳಿದ್ದು ನಿಲ್ಲುತ್ತದೆ. 28, 29ಕ್ಕೇ ಕಂಡಿದ್ದರೆ ನಿಲ್ಲುವುದಿಲ್ಲ, ಆಗ ಡಾಕ್ಟರಿಗೂ ಆ ತಾರೀಕು ಹೇಳಬೇಕು. ಹೇಗಿದ್ದರೂ 12 ದಿನ ಕಾಯುವುದು ತಪ್ಪುವುದಿಲ್ಲ. ಅಳಿಯಂದಿರ ಫೋನಿನಲ್ಲಿ ಪಟ್ಟಿಯ ಫೋಟೋ ಇದ್ದೇ ಇರುತ್ತದೆ, ತಾರೀಕು ನೋಡಿ ನಾಳೆಯೇ ತಿಳಿಸು.

ನಿನ್ನ
ದೊಡ್ಡಮ್ಮ