ಡ್ರಾಯರಿನ ವಿಷಯ

ಚಿ. ಸುಮಂತನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಬರೆದದ್ದನ್ನು ಪಲ್ಲವಿ ಪ್ರಿಂಟು ತೆಗೆದು ತಂದುಕೊಟ್ಟಳು. ಮನೆ ಕಡೆಯ ಸುದ್ದಿಯನ್ನು ನಿನ್ನಮ್ಮ ದಿನಾ ಫೋನಿನಲ್ಲಿ ಹೇಳುತ್ತಾಳೆ, ಅದನ್ನು ಬಿಡುತ್ತೇನೆ. ಮೂರು ಪುಟದಲ್ಲಿ ಒಂದೇ ಒಂದು ಸಾಲು ನನ್ನನ್ನು ಹಿಡಿದುಕೊಂಡಿದೆ. ಕೆಲಸ ಹೋದಾಗಿನಿಂದ ರಾತ್ರಿ ನಿದ್ದೆಯಿಲ್ಲ, ಯಾವುದೂ ಬೇಡ ಅನ್ನಿಸುತ್ತದೆ, ಕಾಲ ಸರಿಯಿಲ್ಲವಲ್ಲ ಅಂತ ಒಂದು ಪಿಸ್ತೂಲು ತಗೊಂಡು ಮಂಚದ ಪಕ್ಕದ ಡ್ರಾಯರಿನಲ್ಲಿಟ್ಟಿದ್ದೇನೆ ಎಂದು ಬರೆದೆ. ಬರೆದವನೇ ಮಗಳ ಡ್ಯಾನ್ಸ್ ಕ್ಲಾಸಿನ ಮಾತಿಗೆ ಹೋಗಿಬಿಟ್ಟೆ. ನಾನು ಇನ್ನೂ ಆ ಡ್ರಾಯರಿನ ಹತ್ತಿರವೇ ಇದ್ದೇನೆ.

ಯಾರಾದರೂ ಕೋವಿ ಹಿಡಿದು ನುಗ್ಗಿದರೆ ಎಂದು ಮಗಳ ಶಾಲೆಯಲ್ಲಿ ಬಾಗಿಲು ಹಾಕಿ, ದೀಪ ಆರಿಸಿ, ಮಕ್ಕಳನ್ನು ಮೂಲೆಯಲ್ಲಿ ಸದ್ದಿಲ್ಲದೆ ಕೂರಿಸಿ ಅಭ್ಯಾಸ ಮಾಡಿಸುತ್ತಾರೆ ಎಂದು ಬರೆದಿದ್ದೀಯ. ಓದಿ ಹೊಟ್ಟೆ ತೊಳಸಿತು. ನಿಮ್ಮ ಟೆಕ್ಸಾಸಿನ ಉವಾಲ್ಡಿಯಲ್ಲಿ 2022ರ ಮೇ ತಿಂಗಳಲ್ಲಿ ಶಾಲೆಗೆ ನುಗ್ಗಿದ ಒಬ್ಬ ಹುಡುಗನ ಗುಂಡಿಗೆ 19 ಮಕ್ಕಳು, ಇಬ್ಬರು ಟೀಚರುಗಳು ಹೋದದ್ದು ನನಗೂ ನೆನಪಿದೆ. ಹದಿನೆಂಟು ತುಂಬಿದ ವಾರದೊಳಗೆ ಆ ಹುಡುಗ ಅಂಗಡಿಯಿಂದ ಕಾನೂನುಬದ್ಧವಾಗಿಯೇ ಎರಡು ರೈಫಲ್ ಕೊಂಡಿದ್ದ. ನಿಮ್ಮ ಗವರ್ನರ್ ಆಗ ಮಾನಸಿಕ ಆರೋಗ್ಯದ ಮಾತೆತ್ತಿದರು. ನೀನೂ ಈಗ ಅದೇ ಬರೆದಿದ್ದೀಯ, ತಪ್ಪು ಕೋವಿಯದಲ್ಲ ದೊಡ್ಡಪ್ಪ, ತಲೆ ಕೆಟ್ಟವರದ್ದು ಎಂದು.

ಹಾಗೆ ಬರೆದವನು ನಿದ್ದೆಯಿಲ್ಲದೆ ಮಲಗುವುದು ಪಿಸ್ತೂಲಿನ ಪಕ್ಕದಲ್ಲಿ. ಇದು ನಿನಗೆ ಕಾಣಲಿಲ್ಲವಾ?

ಪಲ್ಲವಿಯನ್ನು ಕೂರಿಸಿಕೊಂಡು ಎರಡು ದಿನ ಓದಿಸಿದೆ. ಡ್ಯೂಕ್ ವಿಶ್ವವಿದ್ಯಾಲಯದ ಜೆಫ್ರಿ ಸ್ವಾನ್ಸನ್ ಎಂಬವರು ವರ್ಷಗಟ್ಟಲೆ ಇದನ್ನೇ ಅಭ್ಯಾಸ ಮಾಡಿದವರು. ಗಂಭೀರ ಮನೋರೋಗಗಳನ್ನೆಲ್ಲ ನಾಳೆಯೇ ಗುಣಪಡಿಸಿದರೂ ಜನ ಜನರ ಮೇಲೆ ಮಾಡುವ ಹಿಂಸೆ ನೂರಕ್ಕೆ ನಾಲ್ಕರಷ್ಟು ಕಡಿಮೆಯಾದೀತು, ಅಷ್ಟೇ ಅನ್ನುತ್ತಾರಂತೆ. ಬೇನೆಯವರನ್ನೆಲ್ಲ ಕೊಲೆಗಡುಕರ ಸಾಲಿಗೆ ನಿಲ್ಲಿಸುವುದು ಅನ್ಯಾಯ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಲೆಕ್ಕ. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು 48,830 ಜನ. ಅದರಲ್ಲಿ 26,328 ಜನ ತಮ್ಮ ಜೀವ ತಾವೇ ತೆಗೆದುಕೊಂಡವರು. ಅರ್ಧಕ್ಕಿಂತ ಹೆಚ್ಚು. ಕಳ್ಳ ಬಂದಾನೆಂದು ನೀನು ಬಾಗಿಲ ಕಡೆ ನೋಡುತ್ತಿದ್ದೀಯ ಮಗಾ. ನನ್ನ ಕಣ್ಣು ಮಂಚದ ಮೇಲಿದೆ.

ನಿನ್ನ ಚಿಕ್ಕಪ್ಪನ ವಿಷಯ ನಿನಗೆ ಗೊತ್ತು. ಗೊತ್ತಿಲ್ಲದ್ದೊಂದಿದೆ. ನಿನ್ನ ದೊಡ್ಡಮ್ಮನಿಗೂ ಹೇಳಿಲ್ಲ.

2004ರ ಚುನಾವಣೆ. ಇಲ್ಲಿ ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ತರಬೇಕಲ್ಲ, ಒಪ್ಪಿಸಿ ಬಂದಿದ್ದೆ. ಮಂಗ, ಹಂದಿ ತೋಟ ಹಾಳುಮಾಡುತ್ತಿವೆ ಎಂದು ಊರೆಲ್ಲ ಗೊಣಗುತ್ತಿತ್ತು, ನಾನೂ ಗೊಣಗಿದೆ. ಅವನಿಗೆ ತೀರಾ ಕೆಟ್ಟ ಕಾಲವೂ ಅದೇ. ಅಡಿಕೆ ರೇಟು ಬಿದ್ದು ಸಾಲ ಮೈಮೇಲೆ ಬಂದಿತ್ತು. ಊಟ ಬಿಟ್ಟಿದ್ದ, ರಾತ್ರಿಯಿಡೀ ಅಂಗಳದಲ್ಲಿ ತಿರುಗುತ್ತಿದ್ದ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಮನಸ್ಸಿನ ಡಾಕ್ಟರಿಗೆ ತೋರಿಸಿದೆ, ಮಾತ್ರೆ ಶುರುವಾಯಿತು. ಎರಡು ತಿಂಗಳು ಕಳೆಯಿತು. ಅಷ್ಟು ದಿನವೂ ಗೋಡೆಯ ಗೂಟ ಖಾಲಿಯಿತ್ತು.

ಮಳೆ ಹಿಡಿಯುವ ಮುಂಚೆ ಠಾಣೆಯಿಂದ ಕೋವಿ ಬಿಡಿಸಿಕೊಂಡು ಬಂದವನು ನಾನು. ನಳಿಗೆಗೆ ಸುತಲಿ ದಾರದಲ್ಲಿ ನಂಬರಿನ ಚೀಟಿ ಕಟ್ಟಿದ್ದರು. ಅವನೇ ಜಗಲಿಯಲ್ಲಿ ಕೂತು ಚೀಟಿ ಬಿಚ್ಚಿದ. ಸಲಾಕೆಗೆ ಬಟ್ಟೆ ಸುತ್ತಿ, ಎಣ್ಣೆ ಹಾಕಿ, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ ನೋಡಿ ತಿಕ್ಕಿದ. ಎಷ್ಟೋ ದಿನದ ಮೇಲೆ ಕೈಗೆ ಒಂದು ಕೆಲಸ ಹಿಡಿದನಲ್ಲ ಎಂದು ನಾನು ಸಂತೋಷಪಟ್ಟೆ. ಸುಮಂತ, ನಾನು ಸಂತೋಷಪಟ್ಟೆ. ಅದಾಗಿ ಹತ್ತೊಂಬತ್ತನೇ ದಿನ.

ಒಂದು ತಿಂಗಳು ತಡವಾಗಿ ತಂದಿದ್ದರೆ? ಯಾರಾದರೂ ನೆಂಟರ ಮನೆಯಲ್ಲಿ ಬಿಟ್ಟು ಬಂದಿದ್ದರೆ? ನಿಜ ಹೇಳಬೇಕೆಂದರೆ ಒಮ್ಮೆ ಮನಸ್ಸಿಗೆ ಬಂದಿತ್ತು. ನಿನ್ನ ಮೇಲೆ ನಂಬಿಕೆಯಿಲ್ಲ ಅಂದ ಹಾಗಾಗುತ್ತದೆ, ನೊಂದುಕೊಳ್ಳುತ್ತಾನೆ ಎಂದು ಸುಮ್ಮನಾದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಬುದ್ಧಿ ಸ್ವಾಧೀನವಿಲ್ಲದವನಿಗೆ ಲೈಸೆನ್ಸ್ ಕೊಡಬಾರದು ಅನ್ನುತ್ತದೆ. ಲೈಸೆನ್ಸ್ ನನ್ನ ಹೆಸರಿನಲ್ಲಿತ್ತು, ನನ್ನ ಬುದ್ಧಿ ನೆಟ್ಟಗಿತ್ತು. ಪಕ್ಕದ ಕೋಣೆಯಲ್ಲಿ ಮಲಗುವವನ ವಿಷಯ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಡಾಕ್ಟರಿಂದ ಉಪಯೋಗವಿಲ್ಲ ಎಂದು ತಿಳಿಯಬೇಡ. ಉಪಯೋಗ ಆಗುತ್ತಿತ್ತು, ಕೊನೆಯ ವಾರ ಎರಡು ಹೊತ್ತು ಊಟ ಮಾಡುತ್ತಿದ್ದ. ಮಾತ್ರೆ ನಿಧಾನವಾಗಿ ಕೆಲಸ ಮಾಡುತ್ತದೆ. ಕೋವಿ ಕಾಯುವುದಿಲ್ಲ. ಆ ಕೆಟ್ಟ ಗಳಿಗೆ ದಾಟಿ ಬದುಕಿಕೊಂಡವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮುಂದೆ ಆ ದಾರಿಯಲ್ಲಿ ಸಾಯುವುದಿಲ್ಲ ಎಂದು ಪಲ್ಲವಿ ಓದಿದಾಗ ನಾನು ಎದ್ದು ಹಿತ್ತಲಿಗೆ ಹೋದೆ.

ನಿಮ್ಮಲ್ಲಿ ಕನೆಕ್ಟಿಕಟ್ ಎಂಬ ರಾಜ್ಯದಲ್ಲಿ 1999ರಿಂದ ಒಂದು ಕಾನೂನಿದೆಯಂತೆ. ಯಾರಿಂದಲಾದರೂ ಅಪಾಯ ಇದೆ ಎಂದು ಕಂಡರೆ ಕೋರ್ಟಿಗೆ ಹೇಳಿ ಕೆಲಕಾಲ ಅವರ ಬಂದೂಕು ತೆಗೆದಿಡುವುದು. ಅಲ್ಲಿಯೂ ಇಂಡಿಯಾನಾದಲ್ಲಿಯೂ ಲೆಕ್ಕ ಹಾಕಿ ನೋಡಿದವರು, ಹೀಗೆ ಹತ್ತಿಪ್ಪತ್ತು ಮಂದಿಯಿಂದ ತೆಗೆದಿಟ್ಟಲ್ಲಿ ಒಂದು ಜೀವ ಉಳಿದಿದೆ ಅನ್ನುತ್ತಾರೆ. ನಮ್ಮ ಠಾಣೆ ಗೊತ್ತಿಲ್ಲದೆ ಎರಡು ತಿಂಗಳು ಮಾಡಿದ್ದೂ ಅದನ್ನೇ. ಟೆಕ್ಸಾಸಿನಲ್ಲಿ ಆ ಕಾನೂನಿಲ್ಲ. ಹಾಗಾದರೆ ಮನೆಯವರೇ ಮಾಡಬೇಕು.

ದೂರದಲ್ಲಿ ಕೂತು ಹೇಳುವವನಿಗೆ ಹಕ್ಕಿದೆಯೋ ಇಲ್ಲವೋ. ಆ ಪಿಸ್ತೂಲನ್ನು ಮಾರು ಎನ್ನುವುದಿಲ್ಲ, ನಿನಗೆ ಸಿಟ್ಟು ಬರುತ್ತದೆ. ನಿನಗೆ ನೆಟ್ಟಗೆ ನಿದ್ದೆ ಬರುವವರೆಗೆ ಯಾರಾದರೂ ಸ್ನೇಹಿತರ ಮನೆಯಲ್ಲಿ ಬೀಗ ಹಾಕಿ ಇಟ್ಟಿರಲಿ. ಅದೂ ಆಗದಿದ್ದರೆ ಗುಂಡು ಬೇರೆ ಕಡೆ, ಪಿಸ್ತೂಲು ಬೀಗದ ಪೆಟ್ಟಿಗೆಯಲ್ಲಿ, ಬೀಗದ ಕೈ ಸ್ಮಿತಾಳ ಹತ್ತಿರ. ಅವಳಿಗೆ ನಿದ್ದೆಯ ವಿಷಯ ಗೊತ್ತಾ? ನೀನು ಬರೆದ ರೀತಿ ನೋಡಿದರೆ ಗೊತ್ತಿಲ್ಲ ಅನ್ನಿಸಿತು. ಮಗಳೂ ಡ್ರಾಯರು ಎಳೆಯುವ ವಯಸ್ಸಿನವಳು, ಅದನ್ನು ನಾನು ಹೇಳಬೇಕಾಗಿಲ್ಲ.

ಡಾಕ್ಟರ ಹತ್ತಿರ ಹೋಗು. ಇನ್ಶೂರೆನ್ಸ್ ತೊಂದರೆ ಇರಬಹುದು, ಆ ಊರಿನ ಲೆಕ್ಕ ನನಗೆ ತಿಳಿಯದು. ಅಲ್ಲಿ ಇಂಥ ಕಷ್ಟದ ಹೊತ್ತಿಗೆಂದೇ ಇರುವ 988 ನಂಬರ್ ಒತ್ತಿದರೆ ಯಾವ ಹೊತ್ತಿನಲ್ಲಾದರೂ ಮಾತಾಡುತ್ತಾರಂತೆ. ಕನ್ನಡದಲ್ಲೇ ಹೇಳಿಕೊಳ್ಳಬೇಕು ಅನ್ನಿಸಿದರೆ ನಮ್ಮ ನಿಮ್ಹಾನ್ಸಿನಲ್ಲಿ ಓದಿದವರು ಅಲ್ಲಿಯೂ ಇದ್ದಾರು, ವಿಚಾರಿಸು.

ಇನ್ನೊಂದು ಮಾತು ಕೇಳುತ್ತೇನೆ. ಕೇಳಿದರೆ ಎಲ್ಲಿ ತಲೆಯಲ್ಲಿ ಹೊಕ್ಕುಬಿಡುತ್ತದೋ ಎಂದು ಹೆದರಿ ಅವನನ್ನು ಕೇಳಲಿಲ್ಲ. ನಿನ್ನನ್ನು ಕೇಳುತ್ತೇನೆ. ಸಾಯಬೇಕು ಅನ್ನಿಸುತ್ತದೆಯಾ ಮಗಾ? ಹೌದಾದರೆ ಹೌದು ಅನ್ನು. ನಾನು ಬೈಯುವುದಿಲ್ಲ, ಅಳುವುದಿಲ್ಲ, ನಿನ್ನಮ್ಮನಿಗೆ ಹೇಳಬೇಕೋ ಬೇಡವೋ ಎಂದು ನಿನ್ನನ್ನೇ ಕೇಳುತ್ತೇನೆ.

ಅಲ್ಲಿ ರಾತ್ರಿ ಎರಡು ಗಂಟೆಯಾದಾಗ ಇಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಆ ಹೊತ್ತಿಗೆ ತೋಟದಿಂದ ಬಂದು ಕೈಕಾಲು ತೊಳೆದು ಜಗಲಿಯಲ್ಲಿ ಕೂತಿರುತ್ತೇನೆ. ಸಿಗ್ನಲ್ ಸಿಗುವುದು ಜಗಲಿಯ ಕಿಟಕಿಯ ಹತ್ತಿರ ಮಾತ್ರ, ಫೋನು ಇನ್ನುಮೇಲೆ ಅಲ್ಲೇ ಇಟ್ಟಿರುತ್ತೇನೆ. ಮಾತು ಬರದಿದ್ದರೂ ಪರವಾಗಿಲ್ಲ, ರಿಂಗ್ ಕೊಡು.

ನಿನ್ನ ದೊಡ್ಡಪ್ಪ