ಶಸ್ತ್ರಚಿಕಿತ್ಸೆಗೆ ಮುನ್ನದ ವ್ಯಾಯಾಮ ಊರಿನಲ್ಲೇ ಸಿಗಲಿ

ಮಾನ್ಯ ಸಂಪಾದಕರೇ,

ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆಂದು ಮಂಗಳೂರಿಗೆ ಹೋಗುವವರು ಈಗ ಕಾಸರಗೋಡಿನ ಹಳ್ಳಿಗಳಲ್ಲೂ ಇದ್ದಾರೆ. ಅವರಲ್ಲಿ ನನ್ನ ಅಕ್ಕನೂ ಒಬ್ಬಳು. ಸಕ್ಕರೆ ಕಾಯಿಲೆ, ಮೊಣಗಂಟಿನ ಸವೆತ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಮೂರೂ ಇದ್ದ ಅವಳಿಗೆ ಕಳೆದ ವರ್ಷ, ಜಠರದ ಹೆಚ್ಚಿನ ಭಾಗವನ್ನು ತೆಗೆದು ಉಳಿದುದನ್ನು ಕೊಳವೆಯಂತೆ ಕಿರಿದಾಗಿಸುವ ಶಸ್ತ್ರಚಿಕಿತ್ಸೆ ಆಯಿತು. ದಿನ ನಿಗದಿಯಾದಾಗ ಎಂಟು ವಾರಗಳ ಸಮಯವಿತ್ತು. ಆ ಅವಧಿಯಲ್ಲಿ ಏನು ಮಾಡಬೇಕೆಂಬುದಕ್ಕೆ ಆಸ್ಪತ್ರೆಯಿಂದ ದೊರೆತದ್ದು ಇಂಗ್ಲಿಷಿನಲ್ಲಿ ಅಚ್ಚಾದ ಪಥ್ಯದ ಹಾಳೆ ಮತ್ತು "ದಿನಾ ಸ್ವಲ್ಪ ನಡೆಯಿರಿ" ಎಂಬ ಮಾತು ಮಾತ್ರ.

ಎಲ್ಲಿ ನಡೆಯುವುದು? ಜುಲೈ ತಿಂಗಳಲ್ಲಿ ಪೆರ್ಲದ ಕಡೆಯ ಅಂಗಳಗಳೆಲ್ಲ ಹಾವಸೆ ಹಿಡಿದು ಜಾರುತ್ತವೆ. ರಸ್ತೆಗೆ ಹೋಗಬೇಕಾದರೆ ಮುರಕಲ್ಲಿನ ಏರು ಹತ್ತಬೇಕು. ಮೊದಲ ದಿನವೇ ಅಕ್ಕ ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತಾ ಕುಳಿತುಬಿಟ್ಟಳು, ಭಾವ ಹೋಗಿ ಕೈಹಿಡಿದು ಇಳಿಸಿ ತಂದರು. ಆ ಬಳಿಕ ಎರಡು ವಾರ ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಬಿದ್ದು ಕಾಲು ಮುರಿದರೆ ಆಪರೇಷನ್ನೇ ತಪ್ಪೀತೆಂಬ ಹೆದರಿಕೆ ಒಂದು ಕಡೆಗಾದರೆ, ದಾರಿಯಲ್ಲಿ ಕಂಡವರು ಮೈ ನೋಡಿ ನಗುತ್ತಾರೆಂಬ ಸಂಕೋಚ ಇನ್ನೊಂದು ಕಡೆಗೆ. ಈ ಸಂಕೋಚವನ್ನು ನಾವು ಸಣ್ಣದೆಂದು ತಳ್ಳಿಹಾಕಬಾರದು.

ಪರಿಚಯದ ಫಿಸಿಯೋಥೆರಪಿಸ್ಟ್ ಒಬ್ಬರು ಮನೆಗೆ ಬಂದ ಮೇಲೆ ಎಲ್ಲವೂ ಬದಲಾಯಿತು. ಅವರು ಅಕ್ಕನನ್ನು ಮರದ ಕುರ್ಚಿಯಲ್ಲಿ ಕೂರಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಸಿ, ಆಧಾರ ಹಿಡಿಯದೆ ಎದ್ದು ಕೂರಲು ಹೇಳಿದರು. ಮೂರು ಸಲಕ್ಕೆ ಸುಸ್ತಾದಳು. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲರೆಂದು ಆಸ್ಪತ್ರೆಗಳಲ್ಲಿ 30 ಮೀಟರಿನ ನೇರ ಹಾದಿಯಲ್ಲಿ ಅಳೆಯುತ್ತಾರಂತೆ. ನಮ್ಮಲ್ಲಿ ಹದಿನಾಲ್ಕು ಹೆಜ್ಜೆಯ ಜಗಲಿಯೇ ಅಳತೆಯಾಯಿತು. ನಡೆಯುವಾಗ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು, ವೇಗ ಅಷ್ಟೇ ಇರಲಿ ಎಂದು ಹೇಳಿಕೊಟ್ಟರು. ಗೋಡೆಗೆ ಅಂಗೈ ಊರಿ ಮೈಯನ್ನು ಮುಂದೆ ಹಿಂದೆ ತರುವುದು, ಮಲಗಿದಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸುವುದು, ಬರಿಗಾಲಿನಲ್ಲಿ ನಡೆಯದಿರುವುದು ಹೀಗೆ ಒಂದೊಂದನ್ನೇ ಸೇರಿಸುತ್ತಾ ಹೋದರು. ಮೂರು ಚೆಂಡುಗಳ ಉಸಿರಾಟದ ಸಾಧನಕ್ಕೆ ಅಕ್ಕ ಅಷ್ಟು ದಿನ ಊದುತ್ತಿದ್ದಳು. ಅದರಲ್ಲಿ ಉಸಿರನ್ನು ನಿಧಾನವಾಗಿ ಒಳಗೆಳೆದು ಚೆಂಡನ್ನು ಮೇಲೆ ನಿಲ್ಲಿಸಬೇಕೆಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ! ಮಂಗಳೂರಿಗೆ ಹೊರಡುವ ಮುನ್ನಾದಿನ ಅವಳು ಕುರ್ಚಿಯಿಂದ ಹನ್ನೊಂದು ಸಲ ಎದ್ದಳು. ಶಸ್ತ್ರಚಿಕಿತ್ಸೆಯ ಮರುದಿನ ಬೆಳಿಗ್ಗೆ ದಾದಿಯ ಕೈಹಿಡಿದು ವಾರ್ಡಿನ ಉದ್ದಕ್ಕೂ ನಡೆದಳು.

"ನಡೆದೇ ತೂಕ ಇಳಿಯುವುದಾದರೆ ಆಪರೇಷನ್ ಯಾಕೆ?" ಎಂದು ಬಂಧುಗಳು ಅವಳ ಮುಖದೆದುರೇ ಕೇಳಿದ್ದುಂಟು. ಈ ವ್ಯಾಯಾಮದ ಮುಖ್ಯ ಉದ್ದೇಶ ಬೇರೆಯೇ ಇದೆ. ಸ್ಥೂಲಕಾಯದವರು ಅರಿವಳಿಕೆಯಲ್ಲಿ ಮಲಗಿದಾಗ ಹೊಟ್ಟೆಯ ಭಾರ ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವೆ ಇದ್ದು ಉಸಿರಾಟಕ್ಕೆ ನೆರವಾಗುವ ಸ್ನಾಯುವಿನ ಪರದೆಯನ್ನು, ಒತ್ತುವುದರಿಂದ ಶ್ವಾಸಕೋಶದ ಕೆಳಭಾಗ ಸರಿಯಾಗಿ ಅರಳುವುದಿಲ್ಲ. ಅಲುಗಾಡದೆ ಮಲಗಿದವರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಆದ್ದರಿಂದ ಆದಷ್ಟು ಬೇಗ ಎದ್ದು ನಡೆಯುವ ಶಕ್ತಿ ಮೊದಲೇ ಇರಬೇಕು. ಮುಂದೆ ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುವುದರಿಂದ, ಕೈಕಾಲುಗಳಿಗೆ ಬಲ ಕೊಡುವ ವ್ಯಾಯಾಮ ಮೊದಲೇ ರೂಢಿಯಾಗಿದ್ದರೆ ಅದನ್ನು ಮುಂದುವರಿಸುವುದು ಸುಲಭ. ಆದರೆ ಯಾರಿಗೆ ಎಷ್ಟು ಎಂಬುದನ್ನು ತಿಳಿದವರೇ ನಿರ್ಧರಿಸಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಪಥ್ಯ ಹಿಡಿದು ವ್ಯಾಯಾಮವನ್ನೂ ಮಾಡಿದರೆ ಸಕ್ಕರೆ ಅಂಶ ತೀರಾ ಇಳಿಯಬಹುದು. ಔಷಧದ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ಹೊಂದಿಸಿಕೊಳ್ಳಬೇಕು. ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ನುಂಗುವವರಲ್ಲಿ ಎಷ್ಟು ದಣಿದರೂ ನಾಡಿಬಡಿತ ಅಷ್ಟಾಗಿ ಏರುವುದಿಲ್ಲ, ಹಾಗಾಗಿ ಕೈಗಡಿಯಾರದ ಲೆಕ್ಕವನ್ನೇ ನಂಬಿ ನಡೆಯುವಂತಿಲ್ಲ.

ನಮಗೆ ಪರಿಚಯದವರಿದ್ದರು. ಎಣ್ಮಕಜೆ, ಪೈವಳಿಕೆ, ಮೀಂಜ, ವರ್ಕಾಡಿಯ ಒಳಪ್ರದೇಶಗಳಲ್ಲಿರುವ ಉಳಿದವರು ಇದಕ್ಕಾಗಿ ವಾರವಾರವೂ ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋಗಿಬರಲು ಸಾಧ್ಯವೇ? 2020ರ ಮಾರ್ಚಿನಲ್ಲಿ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದಾಗ ಇಲ್ಲಿನ ರೋಗಿಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಶಸ್ತ್ರಚಿಕಿತ್ಸೆಗೆ ಹೋಗುವುದು ಅನಿವಾರ್ಯವಿರಬಹುದು, ಕುರ್ಚಿಯಿಂದ ಏಳುವುದನ್ನು ಕಲಿಯಲು ಅಷ್ಟು ದೂರ ಹೋಗಬೇಕಾಗಿಲ್ಲ. ಹಾಸಿಗೆ ಹಿಡಿದವರ ಮನೆಗೆ ಪಾಲಿಯೇಟಿವ್ ದಾದಿಯರನ್ನು ಕಳುಹಿಸುವ ಪಂಚಾಯತುಗಳು ನಮ್ಮ ರಾಜ್ಯದಲ್ಲಿವೆ. ಅದೇ ಕಾಳಜಿಯಿಂದ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೊಂದು ದಿನ ಫಿಸಿಯೋಥೆರಪಿಸ್ಟ್ ಸಿಗುವಂತೆ ಆರೋಗ್ಯ ಇಲಾಖೆ ಮಾಡಬೇಕು. ಮಂಗಳೂರಿನ ಆಸ್ಪತ್ರೆಗಳು ಪಥ್ಯದ ಹಾಳೆಯ ಜೊತೆಗೆ, ಈ ರೋಗಿಗೆ ಯಾವ ವ್ಯಾಯಾಮ ಆಗಬಹುದು, ಯಾವುದು ಆಗದು ಎಂದು ಬರೆದ ಪತ್ರವನ್ನೂ ಕೊಡಬೇಕು.

ಆ ಬರಹ ಕನ್ನಡದಲ್ಲಿರಲಿ. ಇಲ್ಲಿನ ಕನ್ನಡಿಗರಿಗೆ ಸರಕಾರದೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ಆರೋಗ್ಯ ಕೇಂದ್ರದಲ್ಲಿ ಕೊಡುವ ವ್ಯಾಯಾಮದ ಚೀಟಿಯೂ ನಮ್ಮ ಹಿರಿಯರಿಗೆ ಓದಲು ಬರುವ ಭಾಷೆಯಲ್ಲಿರಬೇಕೆಂದು ಕೇಳುವುದು ಅತಿಯಾಯಿತೆಂದು ನನಗೆ ಅನಿಸುವುದಿಲ್ಲ. ಮಳೆಗಾಲ ಮತ್ತೆ ಬರುವುದರೊಳಗೆ ಪಂಚಾಯತಿನ ಸಭಾಭವನವನ್ನಾದರೂ ಸಂಜೆ ಒಂದು ಗಂಟೆ, ಹೆಂಗಸರಿಗೆ ಪ್ರತ್ಯೇಕ ಸಮಯವಿಟ್ಟು, ಇಂಥವರ ನಡಿಗೆಗೆ ತೆರೆದಿಡುವಂತೆ ಪಂಚಾಯತು ಸದಸ್ಯರಲ್ಲಿ ವಿನಂತಿಸುತ್ತೇನೆ.

- ನಿವೃತ್ತ ಅಧ್ಯಾಪಿಕೆ, ಪೆರ್ಲ, ಕಾಸರಗೋಡು ಜಿಲ್ಲೆ