‘ನಿನ್ನಿ ಯಾಕ ಬರಲಿಲ್ಲ?’ ಎಂದು ಕೇಳುವ ಅಕ್ಕನಿಗಾಗಿ ಒಂದು ಮನವಿ

ಕಲಬುರಗಿಯ ಬಂಧುಗಳಿಗೆ, ಊರು ಬಿಟ್ಟು ಬೆಂಗಳೂರು, ಪುಣೆ, ಹೈದರಾಬಾದ್ ಸೇರಿದ ನಮ್ಮ ಊರ ಮಕ್ಕಳಿಗೆ ಶರಣು, ಸಲಾಂ.

ಗಂಜ್‌ನಿಂದ ಸೂಪರ್ ಮಾರ್ಕೆಟ್ ಕಡೆ ಬರುವ ದಾರಿಯ ಹಳೇ ಗಲ್ಲಿಯೊಂದರಲ್ಲಿ ನಮ್ಮ ಟ್ರಸ್ಟಿನ ನೆರವು ಕೇಂದ್ರ ಇದೆ. ತಗಡಿನ ಎರಡು ಬಾಡಿಗೆ ಖೋಲಿ, ಮುಂದೆ ಶಹಾಬಾದಿ ಪರಸಿ ಹಾಸಿದ ಒಂದು ಕಟ್ಟೆ, ಅಷ್ಟೇ. ರೇಷನ್ ಕಾರ್ಡಿನ ತಿದ್ದುಪಡಿ, ಸಂಧ್ಯಾ ಸುರಕ್ಷಾ ಅರ್ಜಿ, ನಿಂತುಹೋದ ಪಿಂಚಣಿ, ಗೃಹಲಕ್ಷ್ಮಿಯ ತಕರಾರು, ಇಂಥವಕ್ಕೆ ಜನ ಬರುತ್ತಾರೆ. ಬರೆದುಕೊಡುತ್ತೇವೆ, ಜೊತೆಗೆ ಹೋಗುತ್ತೇವೆ.

ನಮ್ಮಲ್ಲಿಗೆ ಬರುವ ಆಯಿ ಒಬ್ಬರ ಮಾತು ಹೇಳಬೇಕು. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟೇ ಆಯುಷ್ಯ ಕಳೆದವರು. ಬಿಸಿ ಹಂಚು, ಹಿಟ್ಟು, ನೀರು. ಬೆರಳ ಗೆರೆಗಳು ಸವೆದು ನುಣ್ಣಗಾಗಿವೆ. ರೇಷನ್ ಅಂಗಡಿಯ ಯಂತ್ರದ ಮೇಲೆ ಹತ್ತೂ ಬೆರಳು ಒತ್ತಿದರೂ ಅದಕ್ಕೆ ಆಯಿಯ ಗುರುತು ಹತ್ತಲಿಲ್ಲ. ತಮ್ಮ ಹೆಸರಿನ ಅಕ್ಕಿ ಎದುರಿಗೇ ಇದ್ದರೂ ಮೂರು ಸಲ ಬರಿಗೈಲಿ ಮನೆಗೆ ಹೋಗಿದ್ದರು. ಆಧಾರ್‌ನಲ್ಲಿ ಬೆರಳಷ್ಟೇ ಅಲ್ಲ, ಕಣ್ಣಿನ ಗುರುತೂ ಇರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಮ್ಮ ಕೇಂದ್ರದ ಅಕ್ಕ ಜೊತೆಗೆ ಹೋಗಿ ಅದನ್ನು ಸರಿಮಾಡಿಸಿಕೊಂಡು ಬಂದರು.

ಕೆಲಸ ಮುಗಿಯಿತು. ಆದರೆ ಆಯಿ ಮರುದಿನವೂ ಬಂದರು. ಅದರ ಮರುದಿನವೂ. “ಕೆಲಸಾ ಆತಲ್ಲ ಆಯಿ, ಮತ್ತೇನು ಬೇಕಾಗಿತ್ತು?” ಅಂತ ಟ್ರಸ್ಟಿನವರೇ ಒಬ್ಬರು ಕೇಳಿಬಿಟ್ಟರು.

“ಏನಿಲ್ಲ ತಮ್ಮಾ, ಸುಮ್ನ ಬಂದೀನಿ. ಮನ್ಯಾಗ ಮಾತಾಡ್ಲಾಕ ಯಾರರೆ ಅದಾರೇನು?”

ಮಗ ಸೊಸೆ ದುಡಿಯಲು ಮುಂಬೈಗೆ ಹೋಗಿದ್ದಾರೆ. ತೊಗರಿ ಕೈಕೊಟ್ಟ ವರ್ಷ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ನಡೆಯುವುದು ಇದೇ. ಆ ಪ್ರಶ್ನೆ ಕೇಳಬಾರದಿತ್ತು ಎಂದು ನಮಗೆ ಇವತ್ತಿಗೂ ಚುಚ್ಚುತ್ತದೆ. ಈ ಕೇಂದ್ರ ಏತಕ್ಕೆ ಬೇಕು ಎಂಬುದನ್ನು ನಮಗೆ ಕಲಿಸಿದವರು ಆ ಆಯಿಯೇ.

ಮುಂದೊಮ್ಮೆ ಎರಡು ದಿನ ಆಯಿ ಕಾಣಲಿಲ್ಲ. ಅಕ್ಕ ಬಾಗಿಲಿಗೆ ಹೋಗಿ ನೋಡಿದರು, ಬೀಗ. ಅಕ್ಕಪಕ್ಕದಲ್ಲಿ ವಿಚಾರಿಸಿದರು. ಆಯಿ ಆಳಂದದ ಮಗಳ ಮನೆಗೆ ಹೋಗಿದ್ದರು, ಬೇರೇನೂ ಆಗಿರಲಿಲ್ಲ. ತಿರುಗಿ ಬಂದ ದಿನ ಅಕ್ಕ ಕೇಳಿದ್ದು ಒಂದೇ ಮಾತು: “ಆಯಿ, ನಿನ್ನಿ ಯಾಕ ಬರಲಿಲ್ಲ? ಮೊನ್ನಿನೂ ಇಲ್ಲ.” ಒಂದು ವಾರದವರೆಗೆ ಆಯಿ ಗಲ್ಲಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದರು, “ನಾ ಕಾಣಲಿಲ್ಲಂತ ನನ್ನ ಹುಡುಕ್ಯಾಡ್ಯಾರ ನೋಡ್ರಿ!”

ಕಟ್ಟೆಯ ಮೇಲೆ ಇನ್ನೂ ಇಂಥವರಿದ್ದಾರೆ. ಗಂಜ್‌ನಲ್ಲಿ ಹಮಾಲಿ ಮಾಡಿ ಬೆನ್ನು ಬಾಗಿದ ಕಾಕಾ ಒಬ್ಬರು ಬೆಳಿಗ್ಗೆ ಕನ್ನಡ ಪೇಪರ್ ಗಟ್ಟಿಯಾಗಿ ಓದುತ್ತಾರೆ. ಉರ್ದು ಬಿಟ್ಟು ಬೇರೆ ಅಕ್ಷರ ಬಾರದ ಚಾಚಾ ಕೇಳುತ್ತಾರೆ. ಇಬ್ಬರಿಗೂ ಈಗ ಹೊಲವಿಲ್ಲ, ಆದರೂ ಮೊದಲು ಬೇಕಾಗುವುದು ತೊಗರಿಯ ಧಾರಣೆ. ಶಕ್ತಿ ಯೋಜನೆ ಶುರುವಾದ 2023ರಿಂದ ಜೇವರ್ಗಿ, ಚಿತ್ತಾಪುರ ಕಡೆಯ ಅವ್ವಂದಿರು ತಾವೇ ಬಸ್ ಹತ್ತಿ ಕಚೇರಿ ಕೆಲಸಕ್ಕೆ ಬರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗಾಗಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಗೊತ್ತಿಲ್ಲದೆ ಮಧ್ಯಾಹ್ನ ಬಂದವರು 42 ಡಿಗ್ರಿ ಬಿಸಿಲಲ್ಲಿ ಮುಚ್ಚಿದ ಬಾಗಿಲ ಮುಂದೆ ನಿಲ್ಲಬೇಕು. ಅಂಥವರೂ ನಮ್ಮ ಕಟ್ಟೆಗೆ ಬಂದು ಕೂಡುತ್ತಾರೆ, ಗಡಿಗೆಯ ನೀರು ಕುಡಿಯುತ್ತಾರೆ, ಸಂಜೆಯ ಬಸ್ಸಿನವರೆಗೆ ಮಾತಾಡುತ್ತಾರೆ.

ಇದು ಮಹಾದಾಸೋಹಿ ಶರಣಬಸವೇಶ್ವರರ ಊರು, ಖಾಜಾ ಬಂದೇನವಾಜರ ಊರು. ಹಸಿದು ಬಂದವರಿಗೆ ಇಕ್ಕುವ ಕೈಗಳಿಗೆ ಇಲ್ಲಿ ಕೊರತೆಯಿಲ್ಲ, ಅದು ನಮ್ಮ ಹಿರಿಯರು ಗಳಿಸಿಟ್ಟ ಪುಣ್ಯ. ಆದರೆ ಉಂಡ ಮೇಲೆ ಪಕ್ಕದಲ್ಲಿ ಕೂತು “ರಾತ್ರಿ ನಿದ್ದಿ ಬಂತೇನು? ಮಗಾ ಫೋನ್ ಮಾಡಿದ್ನಾ?” ಎಂದು ಕೇಳಲು ಒಬ್ಬರು ಬೇಕಲ್ಲ. ಅದೂ ದಾಸೋಹವೇ ಎಂದು ನಾವು ನಂಬಿದ್ದೇವೆ.

ಈಗ ಹಣದ ಮಾತು. ಫ್ಯಾನು, ಕುರ್ಚಿ, ಗೋಡೆ ಗಡಿಯಾರ, ನೀರಿನ ಡ್ರಮ್ಮು ಎಲ್ಲವನ್ನೂ ಊರಿನ ಜನ ಕೊಟ್ಟಿದ್ದಾರೆ. ಅವರಿಗೆ ನಾವು ಋಣಿ. ಸಿಗದೇ ಇರುವುದು ಅಕ್ಕನ ಗೌರವಧನ. ವಸ್ತುವಾದರೆ ಕಣ್ಣಿಗೆ ಕಾಣುತ್ತದೆ. ಒಬ್ಬ ಹೆಣ್ಣುಮಗಳು ಬೆಳಿಗ್ಗೆಯಿಂದ ಸಂಜೆತನಕ ಕೂತು, ಬಂದವರ ಹೆಸರು ನೆನಪಿಟ್ಟು, ಬಾರದವರನ್ನು ಹುಡುಕಿ ಹೋಗುವುದು ಯಾವ ಬಿಲ್ಲಿನಲ್ಲಿಯೂ ಕಾಣುವುದಿಲ್ಲ. ಕಳೆದ ಮೂರು ತಿಂಗಳಿಂದ ನಾವು ಅವರಿಗೆ ಏನೂ ಕೊಟ್ಟಿಲ್ಲ. ಅವರಿಗೂ ಮಕ್ಕಳಿದ್ದಾರೆ, ಶಾಲೆಯ ಫೀಸಿದೆ. ಬಟ್ಟೆ ಅಂಗಡಿಯೊಂದರಿಂದ ಕೆಲಸಕ್ಕೆ ಕರೆಯೂ ಬಂದಿದೆ. “ಹೋಗಬ್ಯಾಡ್ರಿ” ಎನ್ನುವ ಹಕ್ಕು ನಮಗಿಲ್ಲ.

ದಿನಕ್ಕೆ 300 ರೂಪಾಯಿಯಂತೆ ತಿಂಗಳಿಗೆ 9,000, ವರ್ಷಕ್ಕೆ 1,08,000 ರೂಪಾಯಿ ಬೇಕು. ಬಾಕಿ ಉಳಿದ 27,000 ಬೇರೆ. ಒಬ್ಬರೇ ಪೂರಾ ಕೊಡಬೇಕೆಂದು ಕೇಳುತ್ತಿಲ್ಲ. ಒಂದು ದಿನ ನಿಮ್ಮದಾಗಿರಲಿ, 300 ರೂಪಾಯಿ. ಅವ್ವನ ಪುಣ್ಯತಿಥಿಯೋ, ಮಗಳ ಹುಟ್ಟುಹಬ್ಬವೋ ಇದ್ದರೆ ಆ ದಿನವನ್ನೇ ಹೇಳಿ. ಅಂದಿನ ಚಹಾ ಅವರ ಹೆಸರಿನಲ್ಲಿ ಆಗುತ್ತದೆ. ಯಾರ ಹೆಸರಿನ ಚಹಾ ಎಂದು ಕಾಕಾ ಪೇಪರಿನ ಜೊತೆಗೇ ಓದಿ ಹೇಳುತ್ತಾರೆ. ಎಷ್ಟು ಸಣ್ಣ ಮೊತ್ತವಾದರೂ ರಸೀದಿ ಕೊಡುತ್ತೇವೆ. 2,000 ರೂಪಾಯಿ ಮೀರಿದ ದೇಣಿಗೆಯನ್ನು ದಯವಿಟ್ಟು ಬ್ಯಾಂಕ್ ಮೂಲಕವೇ ಕೊಡಿ, ಅದಕ್ಕಿಂತ ಹೆಚ್ಚು ನಗದಾಗಿ ಕೊಟ್ಟರೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುವುದಿಲ್ಲ. ಜಮಾ ಖರ್ಚಿನ ವಹಿ ಮೇಜಿನ ಮೇಲೆಯೇ ಇರುತ್ತದೆ, ಯಾರು ಬೇಕಾದರೂ ತೆರೆದು ನೋಡಬಹುದು.

ಹಣ ಕೊಡಲಾಗದವರು ಮನಸ್ಸು ಸಣ್ಣದು ಮಾಡಿಕೊಳ್ಳಬೇಡಿ. ವಾರಕ್ಕೆ ಒಂದು ತಾಸು ಬಂದು ಕಟ್ಟೆಯ ಮೇಲೆ ಕೂಡಿ. ಉರ್ದು ಪೇಪರ್ ಓದಿ ಹೇಳುವವರು ನಮಗೆ ತುರ್ತಾಗಿ ಬೇಕು; ಚಾಚಾನ ಕಣ್ಣು ಮಂಜಾಗುತ್ತಿದೆ.

ಮೊದಲೇ ತಿಳಿಸಿ ಬರಬೇಕೆಂದಿಲ್ಲ. ರವಿವಾರ ಬಿಟ್ಟು ಎಲ್ಲ ದಿನ ಬಾಗಿಲು ತೆರೆದಿರುತ್ತದೆ. ಚಹಾ ಎರಡು ಸಲ, ಹತ್ತೂವರೆಗೆ ಮತ್ತು ನಾಲ್ಕಕ್ಕೆ.